ಒಡೆದ ಗಾಜು, ಕೊರಳ ಮಣಿ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬುದು ನಮ್ಮ ನಾಡಿನ ಗಾದೆ. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು. ಒಡೆದ ಮುತ್ತನ್ನು ಕೂಡಿಸಲಾಗದು. ಈ ಗಾದೆಯನ್ನು ಕಟ್ಟಿದ ಹಿರಿಯರು ಗಾಜಿನ ವಿಚಾರವನ್ನು ಎತ್ತಲಿಲ್ಲ. ಎತ್ತದಿದ್ದುದು ಒಳ್ಳೆಯದೇ ಆಯಿತು. ಒಡೆದರೂ ಹೋಗದಿರುವುದು ಗಾಜಿನ ಗುಣ.

ಆದರೆ ನಾವು ಗಾಜಿಗೂ ಮುತ್ತಿನ ಗತಿಯನ್ನೇ ವಿಧಿಸಿದ್ದೇವೆ. ಸೀಸೆಯೊಂದು ಕೈಜಾರಿ ಒಡೆದರೆ ಅಪಶಕುನವೆಂದು ಗೊಣಗುತ್ತೇವೆ. ಚೂರುಗಳನ್ನು ಗುಡಿಸಿ ಬೇಲಿಯಾಚೆ ಎಸೆದು ನಿಶ್ಚಿಂತರಾಗುತ್ತೇವೆ. ಬೇಲಿಯಾಚೆಯೂ ಒಂದು ಲೋಕವಿದೆ ಎಂಬುದು ನಮ್ಮ ನೆನಪಿಗೆ ಬರುವುದಿಲ್ಲ. ಅಲ್ಲಿ ಮೇಯುವ ದನದ ಕಾಲು, ಬರಿಗಾಲಿನಲ್ಲಿ ಆಡುವ ಮಗುವಿನ ಪಾದ, ಕಸವನ್ನು ಬಾಚುವ ಪೌರಕಾರ್ಮಿಕರ ಕೈ ನಮ್ಮ ಅಲಕ್ಷ್ಯಕ್ಕೆ ರಕ್ತದ ಬೆಲೆ ತೆರುತ್ತವೆ. ಎಲೆ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಗಾಜಿನ ಚೂರಾದರೋ ತಲೆಮಾರುಗಳವರೆಗೆ ಮಣ್ಣಿನಲ್ಲಿ ಹಾಗೆಯೇ ಉಳಿದಿರುತ್ತದೆ.

ಗಾಜಿನ ಹುಟ್ಟನ್ನು ಬಲ್ಲವರಿಗೆ ಅದರ ಪುನರ್ಜನ್ಮ ಆಶ್ಚರ್ಯದ ಸಂಗತಿಯಲ್ಲ. ಮರಳು, ಸೋಡಾ, ಸುಣ್ಣಕಲ್ಲು – ಇವನ್ನು ಬೆರೆಸಿ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಸಿದಾಗ ಸೀಸೆಯ ಗಾಜು ಸಿದ್ಧವಾಗುತ್ತದೆ. ಹೀಗೆ ಒಮ್ಮೆ ಗಾಜಾದುದು ಮತ್ತೆ ಮೆದುವಾಗಲು ಅಷ್ಟು ಬೆಂಕಿ ಬೇಡ. 800 ಡಿಗ್ರಿಯ ಆಸುಪಾಸಿನಲ್ಲಿ ಅದರ ಪುಡಿ ತಾನೇ ತಾನಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಶುದ್ಧವಾದ ಗಾಜನ್ನು ಎಷ್ಟು ಬಾರಿ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ.

ಪುಸ್ತಕದಿಂದ ತಿಳಿದ ಈ ಸಂಗತಿಯನ್ನು ಕಣ್ಣಾರೆ ಕಾಣುವ ಅವಕಾಶ ನನಗೆ ದೂರದ ನಾಡೊಂದರಲ್ಲಿ ಒದಗಿತು. ಪಶ್ಚಿಮ ಆಫ್ರಿಕದ ಘಾನಾ ದೇಶ 1957ರಲ್ಲಿ ಸ್ವತಂತ್ರವಾಯಿತು. ಅದಕ್ಕೆ ಮುನ್ನ ಆಳಿದವರು ಅದನ್ನು ‘ಚಿನ್ನದ ಕರಾವಳಿ’ ಎಂದು ಕರೆಯುತ್ತಿದ್ದರು. ಆ ಚಿನ್ನದ ನಾಡಿನಲ್ಲಿ ನನ್ನನ್ನು ಸೆಳೆದುದು ಚಿನ್ನವಲ್ಲ, ಗಾಜು. ರಾಜಧಾನಿ ಅಕ್ರಾದಿಂದ ಕೆಲವು ಗಂಟೆಗಳ ಪ್ರಯಾಣದಲ್ಲಿ ಒಡುಮಾಸೆ ಎಂಬ ಊರಿದೆ. ಅದು ಕ್ರೋಬೊ ಜನರ ನೆಲೆ. ಗಾಜಿನ ಪುಡಿಯಿಂದ ಮಣಿ ಮಾಡುವುದರಲ್ಲಿ ಇವರು ಹೆಸರಾದವರು.

ನಾನು ಹೋದ ಅಂಗಳದಲ್ಲಿ ಖಾಲಿ ಸೀಸೆಗಳ ರಾಶಿಗಳು ಬಣ್ಣಬಣ್ಣವಾಗಿ ಬೇರ್ಪಟ್ಟು ಬಿದ್ದಿದ್ದವು: ಹಸುರು ಒಂದೆಡೆ, ಕಂದು ಇನ್ನೊಂದೆಡೆ, ಬಣ್ಣವಿಲ್ಲದವು ಮತ್ತೊಂದೆಡೆ. ಒಬ್ಬ ತರುಣ ಕಬ್ಬಿಣದ ಒರಳಿನಲ್ಲಿ ಚೂರುಗಳನ್ನು ಹಾಕಿ ಭಾರವಾದ ಒನಕೆಯಿಂದ ಕುಟ್ಟುತ್ತಿದ್ದನು. ಕುಟ್ಟಿದುದನ್ನು ಜರಡಿ ಹಿಡಿದಾಗ ರಾಗಿಹಿಟ್ಟಿನಷ್ಟು ನುಣುಪಾದ ಪುಡಿ ಕೆಳಗಿಳಿಯುತ್ತಿತ್ತು. ಪಕ್ಕದಲ್ಲಿ ಸಾಲುಸಾಲು ಕುಳಿಗಳಿದ್ದ ಮಣ್ಣಿನ ಅಚ್ಚುಗಳಿದ್ದವು. ಗಾಜು ಅಂಟದಿರಲೆಂದು ಆ ಕುಳಿಗಳಿಗೆ ಬಿಳಿಯ ಜೇಡಿಮಣ್ಣಿನ ತಿಳಿಯನ್ನು ಬಳಿದಿದ್ದರು.

ಮಣಿಗೆ ರಂಧ್ರ ಮಾಡುವ ಬಗೆಯನ್ನು ಕಂಡು ನಾನು ಬೆರಗಾದೆನು. ಪ್ರತಿಯೊಂದು ಕುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟಿನ ತುಂಡೊಂದನ್ನು ನೆಟ್ಟು, ಅದರ ಸುತ್ತಲೂ ಪುಡಿಯನ್ನು ತುಂಬುತ್ತಾರೆ. ಬೆಂಕಿಯಲ್ಲಿ ಗಾಜು ಕೂಡಿಕೊಳ್ಳುತ್ತದೆ, ತೊಟ್ಟು ಉರಿದು ಬೂದಿಯಾಗುತ್ತದೆ. ತೊಟ್ಟಿದ್ದ ಕಡೆ ದಾರಕ್ಕೆ ದಾರಿಯಾಗುತ್ತದೆ. ಇನ್ನೊಂದು ಬಗೆಯ ಮಣಿಗೆ ಪುಡಿಯ ಬದಲು ಸಣ್ಣ ಚೂರುಗಳನ್ನೇ ತುಂಬುತ್ತಾರೆ. ಒಲೆಯಿಂದ ತೆಗೆದೊಡನೆ, ಗಾಜು ಇನ್ನೂ ಮೆದುವಾಗಿರುವಾಗಲೇ, ಎರಡು ಕಬ್ಬಿಣದ ದಬ್ಬಣಗಳಿಂದ ಅದನ್ನು ಚುಚ್ಚಿ, ತಿರುಗಿಸಿ, ದುಂಡಗೆ ಮಾಡುತ್ತಾರೆ. ಒಲೆಯನ್ನು ಕಟ್ಟಿರುವುದೋ ಗೆದ್ದಲಿನ ಹುತ್ತದ ಮಣ್ಣಿನಿಂದ!

ಅಚ್ಚುಗಳು ಹೊರಬಂದ ಮೇಲೆ ಅಲ್ಲಿ ಯಾರೂ ಅವಸರಪಡಲಿಲ್ಲ. ಕಾದ ಗಾಜು ಒಮ್ಮೆಲೇ ತಣ್ಣಗಾದರೆ ಹೊರಮೈ ಮೊದಲು ಕುಗ್ಗಿ, ಒಳಗಿನ ಬಿಸಿಯೊಡನೆ ಸೆಣಸಿ ಬಿರುಕುಬಿಡುತ್ತದೆ. ಆದ್ದರಿಂದ ಕಾಯುವುದೂ ಒಂದು ಕೆಲಸವೇ. ಬಳಿಕ ಮಣಿಗಳನ್ನು ಮರಳು, ನೀರು ಹಾಕಿ ಕಲ್ಲಿನ ಮೇಲೆ ಉಜ್ಜುತ್ತಾರೆ. ಬೆರಳನ್ನು ಕೊಯ್ಯುತ್ತಿದ್ದ ಚೂರು ಈಗ ಹಸುಳೆಯ ಮೈಗೂ ಒಗ್ಗುವಷ್ಟು ನಯವಾಗುತ್ತದೆ.

ಹಸುಳೆಯ ಮಾತನ್ನು ಅಲಂಕಾರಕ್ಕಾಗಿ ಹೇಳಿದುದಲ್ಲ. ಕ್ರೋಬೊ ಜನರಲ್ಲಿ ಹುಟ್ಟಿದ ಮಗುವಿಗೆ ಮಣಿಯ ಸರ ಕಟ್ಟುವುದುಂಟು. ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದಾಗ ನಡೆಯುವ ‘ಡಿಪೊ’ ಎಂಬ ಸಂಸ್ಕಾರದಲ್ಲಿ ಕೊರಳಿಗೂ ಸೊಂಟಕ್ಕೂ ಮಣಿಗಳ ಸರಗಳನ್ನು ತೊಡಿಸುತ್ತಾರೆ. ಹಳೆಯ ಮಣಿಗಳನ್ನು ತಾಯಿ ಮಗಳಿಗಾಗಿ ಜತನದಿಂದ ಕಾಪಾಡಿರುತ್ತಾಳೆ.

ಈ ಕರಾವಳಿಯಲ್ಲಿ ಮಣಿಗೆ ಕರಾಳವಾದ ಇನ್ನೊಂದು ಚರಿತ್ರೆಯೂ ಇದೆ. ಹಿಂದಿನ ಶತಮಾನಗಳಲ್ಲಿ ಯುರೋಪಿನ ವರ್ತಕರು ವೆನಿಸ್ ಮೊದಲಾದ ಕಡೆಗಳಲ್ಲಿ ತಯಾರಾದ ಗಾಜಿನ ಮಣಿಗಳನ್ನು ಹಡಗುಗಳಲ್ಲಿ ತಂದರು. ಬಟ್ಟೆ, ಬಂದೂಕು, ಮದ್ಯಗಳ ಜೊತೆಗೆ ಮಣಿಗಳನ್ನೂ ಕೊಟ್ಟು ಚಿನ್ನವನ್ನು ಕೊಂಡರು, ದಂತವನ್ನು ಕೊಂಡರು, ಕೊನೆಗೆ ಮನುಷ್ಯರನ್ನೂ ಕೊಂಡರು. ಮನುಷ್ಯನಿಗೆ ಗಾಜಿನ ಬೆಲೆ ಕಟ್ಟಿದ ಅದೇ ಕರಾವಳಿಯ ಹಿನ್ನಾಡಿನಲ್ಲಿ, ಇಂದು ಗಾಜಿನ ಕಸಕ್ಕೆ ಮನುಷ್ಯನ ದುಡಿಮೆ ಬೆಲೆ ತಂದುಕೊಡುತ್ತಿದೆ. ಆ ಅಂಗಳದಲ್ಲಿ ಕುಳಿತು ಇದನ್ನು ನೆನೆದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಈ ಕಸುಬು ಸುಖದ ಕಸುಬೆಂದು ಯಾರೂ ಭಾವಿಸಬೇಕಾಗಿಲ್ಲ. ಒಲೆಯ ಝಳ ಮುಖವನ್ನು ಸುಡುತ್ತದೆ. ಗಾಜಿನ ದೂಳು ಉಸಿರಿಗೆ ಹಿತವಲ್ಲ. ಯಂತ್ರದಲ್ಲಿ ತಯಾರಾಗಿ ಹೊರದೇಶಗಳಿಂದ ಬರುವ ಅಗ್ಗದ ಮಣಿಗಳ ಎದುರು ಕೈಮಣಿ ಪೈಪೋಟಿ ನಡೆಸಬೇಕು. ಕಲೆಯನ್ನು ಹೊಗಳುವ ನಾವು ಕಲೆಗಾರನೊಡನೆ ಚೌಕಾಸಿಗೆ ಇಳಿಯುತ್ತೇವೆ. ಒಂದು ಸರದ ಬೆಲೆಯಲ್ಲಿ ಆರಿಸಿದವನ, ಕುಟ್ಟಿದವನ, ಸುಟ್ಟವನ, ಉಜ್ಜಿದವಳ ದಿನಗಳು ಸೇರಿವೆಯೆಂದು ತಿಳಿದವನಿಗೆ ಚೌಕಾಸಿಯ ಮಾತು ನಾಲಗೆಯ ಮೇಲೆ ಬರಲಾರದು.

ಇದೆಲ್ಲ ನಮಗೆ ಅಪರಿಚಿತವಾದ ಸಂಗತಿಯೇ? ಅಲ್ಲ. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಸುಮಾರು 2000 ವರ್ಷಗಳ ಹಿಂದೆಯೇ ಗಾಜಿನ ಮಣಿಗಳು ತಯಾರಾಗುತ್ತಿದ್ದವು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ನಮ್ಮ ತಾಯಂದಿರ ಕೊರಳಿನ ಕರಿಮಣಿ ಬಹುಪಾಲು ಗಾಜಿನದೇ. ಅಕ್ಕಸಾಲಿಗನ ತಕ್ಕಡಿಯಲ್ಲಿ ಅದಕ್ಕೆ ತೂಕವಿಲ್ಲ. ಕಷ್ಟಕಾಲದಲ್ಲಿ ಚಿನ್ನವನ್ನು ಅಡವಿಟ್ಟ ಮನೆಗಳಲ್ಲಿಯೂ ಕರಿಮಣಿ ಕೊರಳಿನಲ್ಲಿಯೇ ಉಳಿಯುತ್ತದೆ. ಬೆಲೆಯೆಂಬುದು ವಸ್ತುವಿನೊಳಗೆ ಅಡಗಿ ಕುಳಿತಿಲ್ಲ. ದುಡಿದ ಕೈ ಮತ್ತು ಪ್ರೀತಿಸುವ ಮನಸ್ಸು ಅದನ್ನು ವಸ್ತುವಿಗೆ ಕೊಡುತ್ತವೆ.

ನಾವೆಲ್ಲರೂ ಮಣಿಗಾರರಾಗಬೇಕಾಗಿಲ್ಲ. ಖಾಲಿ ಸೀಸೆಯನ್ನು ಒಡೆಯದೆ ಗುಜರಿಯವನಿಗೆ ಒಪ್ಪಿಸಿದರೆ ಅದು ಎಲ್ಲಿಯೋ ಒಂದು ಕುಲುಮೆಯನ್ನು ಸೇರೀತು. ಒಡೆದ ಚೂರನ್ನು ದಪ್ಪ ಕಾಗದದಲ್ಲಿ ಸುತ್ತಿ, ಗುರುತು ಬರೆದು, ಬೇರೆಯಾಗಿ ಕೊಟ್ಟರೆ ಕಸ ಒಯ್ಯುವ ಕೈಯೊಂದು ಗಾಯವಿಲ್ಲದೆ ಸಂಜೆ ಮನೆಗೆ ಮರಳೀತು. ಗಾಜನ್ನು ಬೆಂಕಿ ಕೂಡಿಸಬಲ್ಲದು. ಕೊಯ್ದ ಕೈಯ ನೋವನ್ನು ಯಾವ ಕುಲುಮೆಯೂ ಕರಗಿಸಲಾರದು.