ಹಿಮಗಿರಿಗಳ ನಡುವಿನ ಕಾಯಕದ ದಾರಿ

ಕಾಶ್ಮೀರವು ಶರಣ ಪರಂಪರೆಯವರಿಗೆ ಅಪರಿಚಿತವಾದ ನಾಡಲ್ಲ. ಅಲ್ಲಿಯ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವ ಕಾಯಕವನ್ನು ಕೈಗೊಂಡ ಮೋಳಿಗೆಯ ಮಾರಯ್ಯನವರ ಕಥೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆ ನಾಡಿನ ಶ್ರೀನಗರದಿಂದ ಲಡಾಖಿನ ಲೇಹ್ ಪಟ್ಟಣಕ್ಕೆ ಹಿಮಾಲಯವನ್ನು ದಾಟಿ ಹೋಗುವ ಹೆದ್ದಾರಿಯೊಂದಿದೆ. ಅದರ ಉದ್ದ ಸುಮಾರು ೪೨೦ ಕಿಲೋಮೀಟರು. ಹಿಂದೆ ಕುದುರೆಗಳ ಮೇಲೆ ಸರಕು ಹೇರಿಕೊಂಡ ವರ್ತಕರು ಎರಡು ವಾರಕ್ಕೂ ಹೆಚ್ಚು ಕಾಲ ನಡೆದು ಈ ಮಾರ್ಗವನ್ನು ಕ್ರಮಿಸುತ್ತಿದ್ದರು. ನಾವು ಕಾರ್ಗಿಲ್‌ನಲ್ಲಿ ಒಂದು ರಾತ್ರಿ ತಂಗಿ ಎರಡು ದಿನಗಳಲ್ಲಿ ಮುಗಿಸಿದೆವು.

ಮೊದಲ ಭಾಗ ಹಸುರಿನದು. ಸಿಂಧ್ ಎಂಬ ಹೊಳೆ ರಸ್ತೆಯ ಪಕ್ಕದಲ್ಲಿಯೇ ಭೋರ್ಗರೆಯುತ್ತದೆ. ಇದು ಝೇಲಮ್ ಸೇರುವ ಉಪನದಿ. ಸಿಂಧೂ ಮಹಾನದಿ ಬೇರೆ, ಅದರ ದರ್ಶನ ಮುಂದೆ ಆಗುತ್ತದೆ. ಸೋನಾಮಾರ್ಗದ ಹುಲ್ಲುಗಾವಲನ್ನು ದಾಟಿದರೆ ಬಾಲ್ತಾಲ್. ಅಮರನಾಥ ಯಾತ್ರೆಗೆ ಹೋಗುವ ಭಕ್ತರಲ್ಲಿ ಅನೇಕರು ಇಲ್ಲಿಯವರೆಗಿನ ದಾರಿಯನ್ನು ಬಲ್ಲರು.

ಇಲ್ಲಿಂದ ಜೋಜಿಲಾ ಕಣಿವೆಯ ಏರು ಆರಂಭವಾಗುತ್ತದೆ. ಇದರ ಎತ್ತರ ಸುಮಾರು ೧೧,೫೦೦ ಅಡಿ. ಮುಂದೆ ಬರುವ ಫೋಟುಲಾ ೧೩,೪೦೦ ಅಡಿಗೂ ಮೇಲಿದೆ. ಆದರೂ ಕಠಿನವಾದುದು ಜೋಜಿಲಾವೇ. ಕಾಶ್ಮೀರದ ಕಡೆಯಿಂದ ಬರುವ ಮೋಡಗಳು ತಮ್ಮ ಹಿಮವನ್ನೆಲ್ಲ ಇಲ್ಲಿಯೇ ಸುರಿದುಬಿಡುತ್ತವೆ. ಅದರಾಚೆ ಮರವಿಲ್ಲ, ಮಳೆ ಅಪರೂಪ. ಒಂದೇ ತಿರುವಿನಲ್ಲಿ ಬೇರೊಂದು ಲೋಕವನ್ನು ಹೊಕ್ಕಂತೆ ನಮಗೆ ಭಾಸವಾಯಿತು.

ಈ ಕಣಿವೆಗೂ ಕನ್ನಡ ನಾಡಿಗೂ ನಂಟಿದೆ. ೧೯೪೮ರಲ್ಲಿ ದಾಳಿಕಾರರು ಇದನ್ನು ವಶಪಡಿಸಿಕೊಂಡು ಲೇಹ್‌ನ ದಾರಿಯನ್ನು ಕಡಿದುಹಾಕಿದ್ದರು. ಅದೇ ವರ್ಷ ನವೆಂಬರ್ ೧ರಂದು ಕೊಡಗಿನ ವೀರ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು, ಯಾರೂ ಊಹಿಸದಿದ್ದ ಆ ಎತ್ತರಕ್ಕೆ ಟ್ಯಾಂಕುಗಳನ್ನು ತಂದು ಕಣಿವೆಯನ್ನು ಗೆದ್ದರು. ಹೇಸರಗತ್ತೆಯ ಕಾಲುಹಾದಿಯನ್ನು ಟ್ಯಾಂಕು ಏರುವಂತೆ ಅಗಲ ಮಾಡಿದವರು ಬೆಂಗಳೂರನ್ನು ನೆಲೆಯಾಗುಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯವರು. ಸೇನಾನಿಯ ಹೆಸರು ಇತಿಹಾಸದಲ್ಲಿ ಉಳಿಯಿತು. ಚಳಿಯಲ್ಲಿ ಬಂಡೆ ಒಡೆದವರ ಹೆಸರುಗಳನ್ನು ಬಲ್ಲವರು ವಿರಳ.

ಕಣಿವೆಯಲ್ಲಿ ಕಲ್ಲು ಉರುಳಿ ವಾಹನಗಳು ನಿಂತಾಗ, ಸಲಿಕೆ ಹಿಡಿದ ಕೂಲಿಕಾರನೊಬ್ಬನನ್ನು ನಾವು ಮಾತನಾಡಿಸಿದೆವು. ಆತ ಝಾರ್ಖಂಡದ ದುಮಕಾ ಕಡೆಯವನು. ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದ. “ಊರಿನಲ್ಲಿ ಈಗ ಭತ್ತದ ನಾಟಿ, ಸ್ವಾಮೀಜಿ. ನಿಮ್ಮ ಕಡೆ ಮಳೆ ಆಯಿತೇ?” ಎಂದು ಕೇಳಿದ. ಮಣ್ಣಿನ ಮಗನ ಮನಸ್ಸು ಗದ್ದೆಯಲ್ಲಿತ್ತು, ಕೈ ಮಾತ್ರ ಹಿಮಗಿರಿಯ ಕಲ್ಲು ಸರಿಸುತ್ತಿತ್ತು. ಈ ಕಣಿವೆಯ ಅಡಿಯಲ್ಲಿ ಸುರಂಗ ಕೊರೆಯುವ ಕಾರ್ಯ ೨೦೨೦ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅಲ್ಲಿಯೂ ದುಡಿಯುವವರು ಇಂಥವರೇ.

ದ್ರಾಸ್‌ನಲ್ಲಿ ೧೯೯೯ರ ಯುದ್ಧದ ಸ್ಮಾರಕವಿದೆ. ಹಿಂದೆ ತೊಲೊಲಿಂಗ್ ಗಿರಿ ಮೌನವಾಗಿ ನಿಂತಿದೆ. ಮಡಿದ ಯೋಧರ ಹೆಸರುಗಳನ್ನು ಓದುತ್ತ ಹೋದಂತೆ ಮಾತು ಹೊರಡದಾಯಿತು. ಕಾರ್ಗಿಲ್ ಪಟ್ಟಣದಲ್ಲಿ ಮುನ್ಷಿ ಅಜೀಜ್ ಭಟ್ ಅವರ ಹೆಸರಿನ ವಸ್ತುಸಂಗ್ರಹಾಲಯವನ್ನು ನೋಡಬೇಕು. ಅವರು ೧೯೨೦ರಲ್ಲಿ ಕಟ್ಟಿಸಿದ ಸರಾಯಿಯಲ್ಲಿ ದೊರೆತ ಸರಕುಗಳು, ಮಧ್ಯ ಏಷ್ಯಾದೊಡನೆ ನಡೆಯುತ್ತಿದ್ದ ವ್ಯಾಪಾರದ ಕಥೆಯನ್ನು ಹೇಳುತ್ತವೆ.

ಮುಂದೆ ಮುಲ್ಬೆಕ್‌ನಲ್ಲಿ ರಸ್ತೆಯ ಅಂಚಿನ ಬಂಡೆಯಲ್ಲಿಯೇ ಕಡೆದ ಮೈತ್ರೇಯ ಬುದ್ಧನ ನಿಂತ ವಿಗ್ರಹವಿದೆ. ಎತ್ತರ ಸುಮಾರು ೩೦ ಅಡಿ. ಫೋಟುಲಾ ಇಳಿದರೆ ಲಾಮಾಯುರು. ಇಲ್ಲಿ ಹಿಂದೆ ಸರೋವರವಿತ್ತು, ಸಂತನೊಬ್ಬನ ಸಂಕಲ್ಪದಿಂದ ನೀರು ಹರಿದುಹೋಯಿತು ಎಂದು ಸ್ಥಳೀಯರು ಹೇಳುತ್ತಾರೆ. ಸುತ್ತಲಿನ ಹಳದಿ ಮಣ್ಣಿನ ವಿಚಿತ್ರ ದಿಬ್ಬಗಳು ಪ್ರಾಚೀನ ಸರೋವರದ ಹೂಳೇ ಎಂದು ಭೂವಿಜ್ಞಾನಿಗಳೂ ಹೇಳುತ್ತಾರೆ. ಖಲ್ಸೆಯ ಬಳಿ ಸಿಂಧೂ ನದಿಯ ದರ್ಶನವಾಗುತ್ತದೆ.

ನದಿಯ ದಡದ ಆಲ್ಚಿ ವಿಹಾರ ನಮ್ಮ ಪಯಣದ ಶಿಖರ. ಅದರ ಮೂರಂತಸ್ತಿನ ಮಂದಿರದಲ್ಲಿ ಕಾಶ್ಮೀರಿ ಶೈಲಿಯ ಸುಮಾರು ೮೦೦ ವರ್ಷಗಳ ಹಿಂದಿನ ಚಿತ್ರಗಳಿವೆ. ಅವಲೋಕಿತೇಶ್ವರನ ಬೃಹತ್ ಮೂರ್ತಿಯ ಧೋತರದ ಮೇಲೆ ದೇಗುಲ, ಅರಮನೆಗಳನ್ನು ಬರೆದಿದ್ದಾರೆ. ಅಂದಿನ ಕಾಶ್ಮೀರದ ಇಂಥ ಕಟ್ಟಡಗಳು ಬಹುಪಾಲು ಅಳಿದುಹೋಗಿವೆ. ಅವುಗಳ ನೆನಪು ಈ ಬಣ್ಣಗಳಲ್ಲಿ ಉಳಿದಿದೆ. ಮಂಜುಶ್ರೀಯ ಧೋತರದ ಮೇಲೆ ಸಿದ್ಧರ ಚಿತ್ರಗಳು. ಅಲ್ಲಮಪ್ರಭುಗಳು ಗೋರಕ್ಷನನ್ನು ಎದುರುಗೊಂಡ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ಓದಿದ ನಮಗೆ, ಸಿದ್ಧರ ಕೀರ್ತಿ ಇಷ್ಟು ದೂರ ಹಬ್ಬಿದ್ದನ್ನು ಕಂಡು ಅಚ್ಚರಿಯಾಯಿತು. ಈ ಚಿತ್ರಗಳನ್ನು ಬರೆದ ಕಲಾವಿದರ ಹೆಸರು ಮಾತ್ರ ಲೋಕಪ್ರಸಿದ್ಧವಾಗಲಿಲ್ಲ.

ನಿಮ್ಮೂ ಬಳಿ ಸಿಂಧೂ ಮತ್ತು ಝನ್ಸ್ಕಾರ್ ನದಿಗಳ ಸಂಗಮವನ್ನು ನೋಡಿ ಲೇಹ್ ತಲುಪಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಯಣಕ್ಕೆ ಒಳ್ಳೆಯ ಕಾಲ. ಹೃದಯ, ಶ್ವಾಸಕೋಶಗಳ ತೊಂದರೆಯುಳ್ಳ ಹಿರಿಯರು ವೈದ್ಯರನ್ನು ಕೇಳಿಯೇ ಹೊರಡಬೇಕು. ಲೇಹ್ ಸೇರಿದ ಮೇಲೆ ಎರಡು ದಿನ ವಿಶ್ರಮಿಸಬೇಕು. ಆಲ್ಚಿಯ ಗೋಡೆಗಳನ್ನು ಯಾರೂ ಮುಟ್ಟಬಾರದು. ಕೈಯ ತೇವದಿಂದಲೇ ಆ ಬಣ್ಣಗಳು ಅಳಿಯುತ್ತವೆ.

ಕಾಯಕವನ್ನೇ ಕೈಲಾಸವೆಂದು ನಂಬಿದ ಮನೆತನಗಳು ನಮ್ಮವು. ಈ ದಾರಿಯಲ್ಲಿ ಸಾಗುವಾಗ ಬೆಟ್ಟಗಳ ಸೊಬಗಿಗೆ ಕೈಮುಗಿಯುವಂತೆ, ಪಕ್ಕದಲ್ಲಿ ಸಲಿಕೆ ಹಿಡಿದು ನಿಂತವರಿಗೂ ಶರಣೆನ್ನೋಣ.