ಹಳೆಯ ಮದ್ದು, ಹೊಸ ಕಸಬು

ಮನುಷ್ಯರಿಗಿರುವಂತೆ ಔಷಧಗಳಿಗೂ ಒಂದೊಂದು ಕಸಬಿದೆ. ಕೆಮ್ಮಿನ ಮದ್ದು ಕೆಮ್ಮನ್ನು ನೋಡಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯ ಮದ್ದು ಸಕ್ಕರೆಯನ್ನು. ಆದರೆ ಊರಿನಲ್ಲಿ ಗುಮಾಸ್ತರಾಗಿದ್ದವರು ಇದ್ದಕ್ಕಿದ್ದಂತೆ ಹರಿಕಥೆ ಮಾಡಲು ನಿಲ್ಲುವಂತೆ, ಕೆಲವು ಔಷಧಗಳೂ ನಡುವಯಸ್ಸಿನಲ್ಲಿ ಕಸಬು ಬದಲಿಸುವುದುಂಟು. ಇಂಥ ಬದಲಾವಣೆಯೊಂದನ್ನು ಕಾದು ಕುಳಿತಿರುವ ಲಕ್ಷಾಂತರ ಜನರಲ್ಲಿ ನಮ್ಮ ದೊಡ್ಡಪ್ಪನವರೂ ಒಬ್ಬರು. ಅರ್ಥಶಾಸ್ತ್ರ ಓದುವವನಿಗೆ ವೈದ್ಯದ ಮಾತೇಕೆ ಎಂದು ನಮ್ಮ ಅಧ್ಯಾಪಕರು ಕೇಳಿಯಾರು. ಮನೆಯಲ್ಲೊಬ್ಬರು ಬಹುಕಾಲದ ರೋಗಿಯಿದ್ದರೆ ಮನೆಮಂದಿಯೆಲ್ಲ ಅರೆವೈದ್ಯರಾಗುತ್ತಾರೆ ಎಂಬುದಷ್ಟೇ ನನ್ನ ಉತ್ತರ.

ದೊಡ್ಡಪ್ಪನವರು ತಾಲ್ಲೂಕು ಪೇಟೆಯಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದವರು. ಐದು ವರ್ಷಗಳ ಹಿಂದೆ ಅವರ ಬಲಗೈ ನಡುಗತೊಡಗಿತು. ವಿಚಿತ್ರವೆಂದರೆ ಕತ್ತರಿ ಹಿಡಿದಾಗ ಆ ನಡುಕ ಅಡಗುತ್ತಿತ್ತು. ಕೈ ಮಡಿಲಿಗೆ ಬಂದೊಡನೆ ಮತ್ತೆ ಶುರು. "ಕೆಲಸ ಮಾಡೋವಾಗ ಸುಮ್ನಿರ್ತದೆ, ಸುಮ್ನಿದ್ದಾಗ ಕೆಲಸ ಮಾಡ್ತದೆ, ನೋಡಪ್ಪ ಈ ಕೈ" ಎಂದು ಅವರೇ ನಗುತ್ತಿದ್ದರು. ಆಮೇಲೆ ಬೆರಳುಗಳು ನಿಧಾನವಾದವು, ಕಾಜಾ ಹಾಕುವುದು ನಿಂತಿತು, ಹೆಜ್ಜೆ ಗಿಡ್ಡವಾಯಿತು. ಪಾರ್ಕಿನ್ಸನ್ ರೋಗವೆಂದು ವೈದ್ಯರು ಹೇಳಿದರು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ರೋಗವನ್ನು ವರ್ಣಿಸಿ ಬರೆದದ್ದು ಕೇವಲ ಆರು ಜನರನ್ನು ನೋಡಿ; ಅವರಲ್ಲಿ ಕೆಲವರನ್ನು ಕಂಡದ್ದಂತೂ ಬೀದಿಯಲ್ಲಿಯೇ. ಮಿದುಳಿನ ಬುಡದಲ್ಲಿರುವ ಕಪ್ಪುಬಣ್ಣದ ಒಂದು ಭಾಗದ ಜೀವಕಣಗಳು ಡೋಪಮಿನ್ ಎಂಬ ರಸವನ್ನು ಒದಗಿಸುತ್ತವೆ. ಅವು ಒಂದೊಂದಾಗಿ ಸಾಯುವುದೇ ಈ ರೋಗದ ತಿರುಳು. 1960ರ ದಶಕದಲ್ಲಿ ಬಳಕೆಗೆ ಬಂದ ಲೆವೊಡೋಪ ಆ ರಸದ ಕೊರತೆಯನ್ನು ತುಂಬುತ್ತದೆ. ಬಾವಿ ಬತ್ತುತ್ತಿರುವಾಗ ಹೊರಗಿನಿಂದ ಕೊಡದಲ್ಲಿ ನೀರು ತಂದು ಸುರಿದ ಹಾಗೆ. ನೀರೇನೋ ಸಿಕ್ಕಿತು, ಆದರೆ ಬತ್ತುವುದು ನಿಲ್ಲಲಿಲ್ಲ. ಬತ್ತುವುದನ್ನು ನಿಧಾನಗೊಳಿಸುತ್ತದೆಂದು ಖಚಿತವಾಗಿ ಸಿದ್ಧಪಟ್ಟ ಔಷಧ ಇಂದಿಗೂ ಒಂದೂ ಇಲ್ಲ.

ಹೊಸ ಔಷಧವೊಂದು ಪ್ರಯೋಗಶಾಲೆಯಿಂದ ಅಂಗಡಿಗೆ ಬರಲು ಹತ್ತು ವರ್ಷಕ್ಕೂ ಮಿಗಿಲು ಹಿಡಿಯುತ್ತದೆ. ಹಳೆಯದಾದರೆ ಅದರ ಗುಣದೋಷಗಳನ್ನು ಲಕ್ಷಾಂತರ ರೋಗಿಗಳು ಆಗಲೇ ಅನುಭವಿಸಿ ತೋರಿಸಿರುತ್ತಾರೆ. ಹಾಗಾಗಿ ಹಳೆಯದನ್ನೇ ಹೊಸ ಕೆಲಸಕ್ಕೆ ಹಚ್ಚಿ ನೋಡುವ ಯೋಚನೆ. ಇದಕ್ಕೆ ಪೂರ್ವಪದ್ಧತಿಯೂ ಉಂಟು. ಅಮಾಂಟಡಿನ್ ಎಂಬುದು ಫ್ಲೂ ಜ್ವರದ ಮದ್ದು. 1968ರಲ್ಲಿ ಅಮೆರಿಕದ ಒಬ್ಬ ಹೆಂಗಸು ಫ್ಲೂ ಬಾರದಿರಲೆಂದು ಅದನ್ನು ನುಂಗಿದಾಗ ಆಕೆಯ ಪಾರ್ಕಿನ್ಸನ್ ನಡುಕ, ಬಿಗಿತಗಳು ತಗ್ಗಿದವು. ಮದ್ದು ನಿಲ್ಲಿಸಿದಾಗ ಮತ್ತೆ ಬಂದವು. ಆಕೆ ಅದನ್ನು ತನ್ನ ವೈದ್ಯರಿಗೆ ಹೇಳಿದಳು. ಆ ಮದ್ದು ಇಂದಿಗೂ ಈ ರೋಗಕ್ಕೆ ಬಳಕೆಯಲ್ಲಿದೆ. ಅದೂ ಲಕ್ಷಣಗಳನ್ನು ತಗ್ಗಿಸುವುದೇ ಹೊರತು ರೋಗದ ಓಟವನ್ನು ತಡೆಯುವುದಲ್ಲ.

ಓಟ ತಡೆಯುವ ಆಸೆ ಹುಟ್ಟಿಸಿದ್ದು ಒಂದು ವಿಷದ ಹಲ್ಲಿ! ಅಮೆರಿಕದ ಮರುಭೂಮಿಯ 'ಹೀಲಾ ಮಾನ್‌ಸ್ಟರ್' ಎಂಬ ದಪ್ಪ ಹಲ್ಲಿಯ ವಿಷದಲ್ಲಿ ಜಾನ್ ಎಂಗ್ ಎಂಬ ವೈದ್ಯರು ಒಂದು ವಸ್ತುವನ್ನು ಗುರುತಿಸಿ 1992ರಲ್ಲಿ ಪ್ರಕಟಿಸಿದರು. ಅದರಿಂದ ಎಕ್ಸೆನಟೈಡ್ ಎಂಬ ಚುಚ್ಚುಮದ್ದಾಗಿ, 2005ರಲ್ಲಿ ಸಕ್ಕರೆ ಕಾಯಿಲೆಗೆ ಒಪ್ಪಿಗೆ ಪಡೆಯಿತು. ಪ್ರಾಣಿಗಳಲ್ಲಿ ಅದು ಮಿದುಳಿನ ಕಣಗಳನ್ನು ಕಾಪಾಡುವ ಸೂಚನೆ ಕಂಡುಬಂತು. ಲಂಡನ್ನಿನಲ್ಲಿ 62 ರೋಗಿಗಳ ಮೇಲೆ ಪರೀಕ್ಷೆ ನಡೆದು 2017ರಲ್ಲಿ ಫಲ ಪ್ರಕಟವಾಯಿತು. 48 ವಾರ ಮದ್ದು ಪಡೆದವರು, ಅದನ್ನು ಬಿಟ್ಟು 12 ವಾರಗಳಾದ ಮೇಲೂ ಹುಸಿಮದ್ದು ಪಡೆದವರಿಗಿಂತ ಚಲನೆಯ ಅಳತೆಯಲ್ಲಿ 3.5 ಅಂಕ ಮೇಲಿದ್ದರು. ಅಳತೆಯ ಪೂರ್ಣಾಂಕ 132 ಎಂಬುದನ್ನು ಪತ್ರಿಕೆಗಳು ಅಷ್ಟಾಗಿ ಹೇಳಲಿಲ್ಲ. 2024ರಲ್ಲಿ ಫ್ರಾನ್ಸಿನವರು ಅದೇ ಕುಲದ ಲಿಕ್ಸಿಸೆನಟೈಡನ್ನು 156 ರೋಗಿಗಳಲ್ಲಿ ಪರೀಕ್ಷಿಸಿದ ವರದಿ ಬಂತು: ಒಂದು ವರ್ಷದಲ್ಲಿ ಹುಸಿಮದ್ದಿನವರು ಮೂರು ಅಂಕದಷ್ಟು ಕುಸಿದರು, ಮದ್ದಿನವರು ಇದ್ದಲ್ಲೇ ಇದ್ದರು, ಆದರೆ ಸುಮಾರು ಅರ್ಧ ಜನಕ್ಕೆ ಹೊಟ್ಟೆ ತೊಳೆಸಿತು. ಆಸೆ ಬೆಳೆಯಿತು. 2025ರ ಆರಂಭದಲ್ಲಿ ಎಕ್ಸೆನಟೈಡಿನ ದೊಡ್ಡ ಪರೀಕ್ಷೆಯ ಫಲ ಬಂತು. 194 ರೋಗಿಗಳು, 96 ವಾರ. ಯಾವ ಪ್ರಯೋಜನವೂ ಕಾಣಲಿಲ್ಲ.

ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ರಕ್ತದೊತ್ತಡದ ಇಸ್ರಾಡಿಪಿನ್ ಮದ್ದು 2020ರಲ್ಲಿ, ಕೊಬ್ಬಿಳಿಸುವ ಸಿಮ್ವಸ್ಟಾಟಿನ್ 2022ರಲ್ಲಿ ಹೀಗೆಯೇ ಸೋತಿದ್ದವು. ಪ್ರಾಣಿಯಲ್ಲಿ ಗೆದ್ದು, ಸಣ್ಣ ಪರೀಕ್ಷೆಯಲ್ಲಿ ಮಿನುಗಿ, ದೊಡ್ಡದರಲ್ಲಿ ಆರಿಹೋಗುವುದು ಈ ಕ್ಷೇತ್ರದಲ್ಲಿ ಹಳೆಯ ಕಥೆ.

ಅರ್ಥಶಾಸ್ತ್ರದ ತೊಡಕು ಬೇರೆ. ಪೇಟೆಂಟು ಮುಗಿದ ಮದ್ದನ್ನು ಯಾರು ಬೇಕಾದರೂ ತಯಾರಿಸಬಹುದು. ಕೋಟಿಗಟ್ಟಲೆ ಸುರಿದು ಅದರ ಹೊಸ ಗುಣವನ್ನು ಸಾಧಿಸಿದ ಕಂಪನಿಗೆ ದಕ್ಕುವುದೇನು? ಹೀಗಾಗಿ ಆ ಹಣ ಸರಕಾರದಿಂದಲೋ ದಾನಿಗಳಿಂದಲೋ ಬರಬೇಕು. ಬ್ರಿಟನ್ನಿನ ಟಾಮ್ ಐಸಾಕ್ಸ್‌ಗೆ 27ನೆಯ ವಯಸ್ಸಿಗೇ ಈ ರೋಗ ಬಂತು. ಇತರ ರೋಗಿಗಳೊಡನೆ ಅವರು ಕಟ್ಟಿದ ಸಂಸ್ಥೆ ಇಂಥ ಪರೀಕ್ಷೆಗಳಿಗೆ ಹಣ ಕೂಡಿಸುತ್ತ ಬಂದಿದೆ. ಅವರು 2017ರಲ್ಲಿ ತೀರಿಕೊಂಡರು.

ಇನ್ನು ನಮ್ಮ ಮನೆಯ ಪ್ರಸಂಗ. ಕೆಮ್ಮಿನ ಮದ್ದಾದ ಆಂಬ್ರಾಕ್ಸಾಲ್ ಪಾರ್ಕಿನ್ಸನ್ನಿಗೆ ರಾಮಬಾಣವೆಂದು ಯಾರೋ ಮೊಬೈಲಿಗೆ ಕಳಿಸಿದ್ದನ್ನು ನಂಬಿ, ದೊಡ್ಡಪ್ಪನವರ ಅಳಿಯ ಕೆಮ್ಮಿನ ಸಿರಪ್ಪಿನ ಆರು ಸೀಸೆ ಹೊತ್ತು ತಂದರು. ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಅದರ ಮೂಲವನ್ನು ಹುಡುಕಿದರೆ ನಮ್ಮ ಹಿತ್ತಲಿಗೇ ಬರುತ್ತೇವೆ: ಕೆಮ್ಮಿಗೆ ಅಜ್ಜಿ ಕಷಾಯ ಮಾಡುತ್ತಿದ್ದ ಆಡುಸೋಗೆಯ ಸತ್ವವನ್ನು ಅನುಸರಿಸಿ ಬ್ರೋಮ್‌ಹೆಕ್ಸಿನ್ ಆಯಿತು, ಅದರಿಂದ ಆಂಬ್ರಾಕ್ಸಾಲ್. ಜೀವಕಣದೊಳಗಿನ ಕಸವನ್ನು ಕರಗಿಸುವ ಒಂದು ಕಿಣ್ವವನ್ನು ಅದು ಚುರುಕುಗೊಳಿಸುತ್ತದೆ. ಕೆಲವು ರೋಗಿಗಳಲ್ಲಿ ಆ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಲಂಡನ್ನಿನ ಒಂದು ಚಿಕ್ಕ ಪರೀಕ್ಷೆಯಲ್ಲಿ ಮದ್ದು ಮಿದುಳು-ಬೆನ್ನುಹುರಿಯ ದ್ರವವನ್ನು ಮುಟ್ಟಿತೆಂದು 2020ರಲ್ಲಿ ತಿಳಿದುಬಂತು. ರೋಗ ನಿಧಾನವಾಯಿತೆಂದು ಅದು ಹೇಳಲಿಲ್ಲ. ಹೇಳಲು ಸಾಧ್ಯವೂ ಇರಲಿಲ್ಲ.

ನಾನು ಸೀಸೆಯ ಚೀಟಿ ಓದಿ ಅಳಿಯಂದಿರಿಗೆ ಲೆಕ್ಕ ತೋರಿಸಿದೆ. ಕೆಮ್ಮಿಗೆ ದಿನಕ್ಕೆ 90 ಮಿಲಿಗ್ರಾಂ ಸಾಮಾನ್ಯ. ಆ ಪರೀಕ್ಷೆಯಲ್ಲಿ ಕೊಟ್ಟದ್ದು 1260. ಸಿರಪ್ಪಿನಿಂದ ಅಷ್ಟನ್ನು ಪಡೆಯಬೇಕಾದರೆ ಸೀಸೆಗಟ್ಟಲೆ ಕುಡಿಯಬೇಕು, ಜೊತೆಗೆ ಅದರಲ್ಲಿ ಬೆರೆಸಿದ ಉಬ್ಬಸದ ಮದ್ದೂ ಅಷ್ಟೇ ಪಾಲು ಹೊಟ್ಟೆಗೆ ಹೋಗಿ ಎದೆ ಹೊಡೆದುಕೊಳ್ಳುತ್ತದೆ. ಅಳಿಯಂದಿರು ಮುಖ ಸಣ್ಣದು ಮಾಡಿಕೊಂಡರು. ಅವರದು ಪ್ರೀತಿಯೇ, ಆದರೆ ಸೀಸೆಗಳು ಅಂಗಡಿಗೆ ಹಿಂದಿರುಗಿದವು.

ದೊಡ್ಡಪ್ಪನವರು ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಗೊತ್ತಾಗೋದು ಯಾವಾಗ?" ಎಂದರು. 2025ರಲ್ಲಿ ಬ್ರಿಟನ್ನಿನಲ್ಲಿ 330 ರೋಗಿಗಳಿಗಾಗಿ ಆಂಬ್ರಾಕ್ಸಾಲಿನ ದೊಡ್ಡ ಪರೀಕ್ಷೆ ಶುರುವಾಗಿರುವುದನ್ನು ಹೇಳಿದೆ. ಒಬ್ಬೊಬ್ಬರೂ ಎರಡು ವರ್ಷ ಮಾತ್ರೆ ನುಂಗಬೇಕು, ಕೆಲವರ ಪಾಲಿಗೆ ಬರುವುದು ಹುಸಿಮಾತ್ರೆ.

"ಯಾರಿಗೆ ಹುಸಿ ಅಂತ ಅವರಿಗೆ ಗೊತ್ತಿರ್ತದಾ?"

"ಇಲ್ಲ ದೊಡ್ಡಪ್ಪ. ಕೊಡೋ ಡಾಕ್ಟರಿಗೂ ಗೊತ್ತಿರಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೈ ಮಾತ್ರ ಮಡಿಲಲ್ಲಿ ತನ್ನ ಕೆಲಸ ಮಾಡುತ್ತಲೇ ಇತ್ತು. "ಇದೇ ಕಾಯಿಲೆಯವರೇ ತಾನೆ ಅವರೂ? ಎರಡು ವರ್ಷ ಗೊತ್ತಿಲ್ದೆ ನುಂಗ್ತಾರೆ ಅಂದ್ರೆ... ನಮ್ಮ ಕಡೆ ಇಂಥದ್ದೇನಾದ್ರೂ ಶುರುವಾದ್ರೆ ನನ್ನ ಹೆಸರು ಬರೆಸಪ್ಪ" ಎಂದರು. ಮುಂದಿನ ಸಲ ಹೋದಾಗ ವೈದ್ಯರನ್ನು ಕೇಳಬೇಕೆಂದು ಚೀಟಿಯ ಹಿಂದೆ ಗುರುತು ಹಾಕಿಕೊಂಡಿದ್ದೇನೆ.