ಬಾಗಲವಾಡದ ಎರೆಮಣ್ಣಿನಲ್ಲಿ ಏಳು ದಿನ

ಮಾನ್ವಿ ಸೀಮೆಯ ಬಾಗಲವಾಡ ಪ್ರವಾಸಿಗರು ಹುಡುಕಿಕೊಂಡು ಬರುವ ಊರಲ್ಲ. ಸುತ್ತಲೂ ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ ಅಂಟು. 2023ರ ಡಿಸೆಂಬರಿನಲ್ಲಿ ಕರಾವಳಿಯ ಇಪ್ಪತ್ತು ಕಾಲೇಜು ವಿದ್ಯಾರ್ಥಿಗಳು ಇಲ್ಲಿಗೆ ಬಂದರು. ಶಾಲೆಯ ಹಿಂಬದಿಗೆ ಒಂದು ಮೋಟು ಗೋಡೆ ಕಟ್ಟಿಕೊಡುವುದು ಅವರ ಸಂಕಲ್ಪ. ಅವರ ಪಾಲಿಗೆ ಇದು ಪರದೇಶವೇ. ನಮ್ಮ ಮಕ್ಕಳ ಮಾತು ಅವರಿಗೆ ತಿಳಿಯದು, ಅವರ ಪುಸ್ತಕದ ಕನ್ನಡ ಕೇಳಿ ನಮ್ಮ ಮಕ್ಕಳಿಗೆ ನಗು.

ಹೀಗೆ ಪರಊರಿಗೆ ಹೋಗಿ ಕಟ್ಟುವ ಸೇವೆಗೆ ನೂರು ವರ್ಷದ ಇತಿಹಾಸವಿದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್ 1920ರಲ್ಲಿ, ಯುದ್ಧದಿಂದ ಹಾಳಾದ ಫ್ರಾನ್ಸಿನ ವೆರ್ಡನ್ ಪ್ರದೇಶದಲ್ಲಿ ಮನೆ ಕಟ್ಟಲು ಗೆಳೆಯರನ್ನು ಕರೆದೊಯ್ದರು. 1934ರ ಜನವರಿ 15ರ ಭೂಕಂಪದ ತರುವಾಯ ಬಿಹಾರಕ್ಕೂ ಬಂದು ಹಳ್ಳಿಗರೊಡನೆ ದುಡಿದರು. ನಮ್ಮಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು ಗಾಂಧಿ ಶತಾಬ್ದಿಯ 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಏಳು ದಿನದ ಶಿಬಿರ ಎಂದರೆ ಈಗ ಎಲ್ಲ ಕಾಲೇಜು ಹುಡುಗರಿಗೂ ಗೊತ್ತು.

ಮೊದಲ ದಿನ ಅವರು ಒಂದು ಮೊಳ ಆಳಕ್ಕೆ ಅಗೆದು ನಿಲ್ಲಿಸಿದರು. ಅವರ ಕಡೆ ಕೆಂಪು ಮುರಕಲ್ಲಿನ ಗಟ್ಟಿ ನೆಲ, ಅಷ್ಟು ಸಾಕಾಗುತ್ತದೆ. ದಂಡೆಯ ಮೇಲೆ ಕುಳಿತಿದ್ದ ನಮ್ಮ ಆರನೆಯ ತರಗತಿಯ ಹುಡುಗ ಸುಮ್ಮನಿರಲಿಲ್ಲ.

"ಇಷ್ಟು ಸಾಲದ್ರಿ ಅಣ್ಣಾ. ಕರಿ ಮಣ್ಣು ತೆಗೆದು ಗರಸು ತುಂಬಬೇಕು. ಇಲ್ಲಂದ್ರ ಗೋಡಿ ಬಿರೀತದ."

ಮಾತು ಖರೆ. ಎರೆಮಣ್ಣಿನ ಕಣಗಳು ಹಾಳೆಗಳಂತೆ ಪದರಪದರವಾಗಿವೆ. ನೀರು ಪದರಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಗೋಡೆಯನ್ನು ವರ್ಷಕ್ಕೊಮ್ಮೆ ಎತ್ತಿ ಇಳಿಸಿದಂತೆ! ಗರಸು ಹಾಗೆ ಉಬ್ಬುವುದಿಲ್ಲ. ನಾನು ಇದನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಹುಡುಗ ಕಲಿತದ್ದು ಮಾತ್ರ ಗೌಂಡಿಯಾದ ತನ್ನ ಅಪ್ಪನಿಂದ.

ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಸಂಸಾರಗಳು ಗುಳೆ ಹೋಗುತ್ತವೆ. ಬೆಂಗಳೂರಿನಲ್ಲಿ ಏಳುವ ಕಟ್ಟಡದ ಪಕ್ಕ ತಗಡಿನ ಶೆಡ್ಡು, ಮಕ್ಕಳಿಗೆ ಮರಳ ಗುಡ್ಡೆಯೇ ಆಟದ ಬಯಲು. ಈ ಹುಡುಗನೂ ಎರಡು ವರ್ಷ ಹಾಗೆ ಕಳೆದು ಬಂದವನು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗೋಡೆಯ ಮಟ್ಟ ನೋಡುವುದನ್ನು ಅವನು ಆ ಕಾಲೇಜಿನವರಿಗೆ ತೋರಿಸಿಕೊಟ್ಟ. ಇಟ್ಟಿಗೆ ಹೊರಲು ಮಾತ್ರ ನಾನು ಬಿಡಲಿಲ್ಲ. ಅದು ಅವನಿಗೆ ಆಟವಲ್ಲ, ಅಷ್ಟರಲ್ಲೇ ಬೇಕಾದಷ್ಟು ಆಗಿಹೋಗಿತ್ತು.

ಒಬ್ಬ ಗೌಂಡಿ, ಇಬ್ಬರು ಕೂಲಿಗಳು ಮೂರು ದಿನದಲ್ಲಿ ಮುಗಿಸುವ ಕೆಲಸವನ್ನು ಇಪ್ಪತ್ತು ಜನ ಏಳು ದಿನ ಮಾಡಿದರು. ಲೆಕ್ಕ ಹಾಕಿದರೆ ನಷ್ಟದ ಬಾಬತ್ತೇ. ಆದರೂ ಮಕ್ಕಳನ್ನು ಇಂಥ ಶಿಬಿರಕ್ಕೆ ಕಳಿಸಿ ಎಂದೇ ಪಾಲಕರಿಗೆ ಹೇಳುತ್ತೇನೆ. ಅಂಗೈ ಬೊಬ್ಬೆ ಬಂದ ಹುಡುಗಿಯೊಬ್ಬಳು ನಾಲ್ಕನೆಯ ರಾತ್ರಿ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತ, "ನಮ್ಮ ಫ್ಲ್ಯಾಟ್ ಕಟ್ಟಿದವರು ಯಾವ ಊರಿನವರೋ, ನಾವು ಕೇಳಿಯೇ ಇಲ್ಲ ಸರ್" ಎಂದಳು.

ಒಂದು ವಿಷಯದಲ್ಲಿ ನಾನು ನಿಷ್ಠುರ. ಹೊರಡುವಾಗ 'ಮತ್ತೆ ಬರ್ತೇವೆ' ಎನ್ನಬೇಡಿ ಎಂದು ಮೊದಲೇ ಹೇಳಿದ್ದೆ. ದೊಡ್ಡವರು ಮರೆಯುತ್ತಾರೆ, ಮಕ್ಕಳು ದಿನ ಎಣಿಸುತ್ತಾರೆ. ಬದಲಿಗೆ ಅಂಚೆ ಕಾರ್ಡು ಬರೆಯಿರಿ ಎಂದೆ. ಹಲವರು ಬರೆದರು.

ಹುಡುಗನ ಹೆಸರಿಗೂ ಜನವರಿಯಲ್ಲಿ ಒಂದು ಕಾರ್ಡು ಬಂತು. ಅಷ್ಟರಲ್ಲಿ ಅವನ ಮನೆಗೆ ಬೀಗ ಬಿದ್ದಿತ್ತು. ಕಾರ್ಡನ್ನು ಹಾಜರಿ ಪುಸ್ತಕದಲ್ಲಿಟ್ಟುಕೊಂಡೆ. ಯುಗಾದಿಗೆ ಅವರು ಊರಿಗೆ ಬಂದಾಗ ಕೈಗಿತ್ತೆ. ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಗೋಡಿ ಬಿರಿತೇನು ಅಂತ ಕೇಳ್ಯಾರ ಸರ. ತಡೀರಿ, ನೋಡಿ ಬರ್ತೀನಿ" ಎನ್ನುತ್ತ ಶಾಲೆಯ ಹಿಂದಕ್ಕೆ ಓಡಿದ.